ಕೆಂಪು ಕೂದಲಿನ ಮಗುವೂ ನಮ್ಮ ಮಹಡಿಯ ಹುಡುಗಿಯೂ

ಕೆಲಸದಿಂದ ಬಂದವಳೇ ಅವಳು ನಮ್ಮ ಅಂಗಳದ ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ಹಿಡಿದು ಅದರಲ್ಲಿ ಕಣ್ಣು ಅದ್ದುತ್ತಿದ್ದಳು. ಮುಚ್ಚಿದ ಕಣ್ಣಲ್ಲ, ತೆರೆದ ಕಣ್ಣು. ರೆಪ್ಪೆ ಬಡಿದಂತೆಲ್ಲ ನೀರು ಬೆರಳ ಸಂದಿಯಿಂದ ಸೋರುತ್ತಿತ್ತು. "ಸೋಪು ಹಾಕೋ ಹಾಗಿದ್ರೆ ಹಾಕಿ ಉಜ್ಜಿಬಿಡ್ತಿದ್ದೆ ಆಂಟಿ" ಎಂದು ಏಳುತ್ತಿದ್ದಳು.

ಕುಂದಲಹಳ್ಳಿಯ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಾವಣಗೆರೆಯ ಹುಡುಗಿ. ನಾನು ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ನಿವೃತ್ತಿಯ ನಂತರವೂ ಏಳುವ, ಉಣ್ಣುವ, ಗೇಟಿಗೆ ಬೀಗ ಹಾಕುವ ಹೊತ್ತು ಬದಲಾಗಿಲ್ಲ. ಮೊದಲ ದಿನವೇ ನಿಯಮಗಳನ್ನು ಹೇಳಿದೆ. "ನಮ್ಮ ಆಫೀಸಲ್ಲಿ ಇದಕ್ಕಿಂತ ಜಾಸ್ತಿ ಇವೆ ಬಿಡ್ರಿ" ಎಂದು ನಕ್ಕಳು.

ಅವಳ ಕೆಲಸ ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ದೂರದೇಶದ ಜನ ಇಂಟರ್‌ನೆಟ್ಟಿನಲ್ಲಿ ಚಿತ್ರ ಹಾಕುತ್ತಾರೆ, ಮಾತು ಬರೆಯುತ್ತಾರೆ. ಇದು ಕೆಟ್ಟದ್ದು ಎಂದು ಯಾರಾದರೂ ದೂರು ಕೊಟ್ಟರೆ ಅದು ವೈಟ್‌ಫೀಲ್ಡಿನ ಒಂದು ಕಟ್ಟಡದಲ್ಲಿ ಕೂತ ಇವಳ ಮುಂದೆ ಬರುತ್ತದೆ. ಓದಬೇಕು, ಗುಂಡಿ ಒತ್ತಬೇಕು. "ಇರ್ಲಿ, ಇಲ್ಲಾ ತೆಗಿ. ಎರಡೇ ಆಂಟಿ, ಮೂರನೇ ಬಟನ್ ಇಲ್ಲ." ಮನೆಯಲ್ಲೂ ಅದೇ ತೀರ್ಪು. ನನ್ನ ಹುಳಿಗೆ "ಇರ್ಲಿ". ಉಪ್ಪಿಟ್ಟಿಗೆ ತಟ್ಟೆ ದೂರ ಸರಿಸಿ "ತೆಗೀರಿ".

ನನ್ನ ಕಣ್ಣಿನ ಪೊರೆಯ ಆಪರೇಷನ್ ಆದಾಗ ಹೊತ್ತು ಹೊತ್ತಿಗೆ ಹನಿ ಹಾಕಿದವಳು ಅವಳೇ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನನ್ನ ಕೈಕೆಳಗಿನ ನರ್ಸುಗಳಲ್ಲಿ ಅಂಥ ಕೈ ಇದ್ದವರು ಕಡಿಮೆ.

ಹಾಗೆ ಹನಿ ಹಾಕುತ್ತಲೇ ಒಂದು ಬೆಳಿಗ್ಗೆ ಕೇಳಿದಳು: "ಆಂಟಿ, ಕೂದಲು ಕೆಂಪಗಿರೋರನ್ನ ನೀವು ಏನಂತ ಕರೀತೀರಿ?"

"ಕೆಂಚ, ಕೆಂಚಿ ಅಂತೀವಿ. ಕೆಂಚಮ್ಮ ಅಂತ ದೇವರೇ ಇದ್ದಾಳಲ್ಲ."

"ಅಲ್ಲಿ ಜಿಂಜರ್ ಅಂತಾರೆ."

"ಶುಂಠಿನಾ?"

"ಹೂಂ. ಹೆಂಡ್ತಿ ಗಂಡನಿಗೆ 'ನನ್ನ ಜಿಂಜರ್' ಅಂತ ಬರೀತಾಳೆ, ಅದು ಮುದ್ದು. ಕೆಂಪು ಕೂದಲಿನೋರೇ ಒಟ್ಟಿಗೆ ಸೇರಿ 'ನಾವು ಜಿಂಜರ್‌ಗಳು' ಅಂತ ಫೋಟೋ ಹಾಕ್ತಾರೆ, ಅದು ಜಂಬ. ಸ್ಕೂಲ್ ಮಕ್ಕಳು ಜಿಂಜರ್‌ಗಳಿಗೆ ಆತ್ಮಾನೇ ಇಲ್ಲ ಅಂತಾರೆ, ಅದು ತಮಾಷೆಯಂತೆ. ಇನ್ನೊಂದು ದೇಶದಲ್ಲಿ ಕೆಂಪು ಕೂದಲಿನೋನನ್ನ ಬೇಕಂತಲೇ ಉಲ್ಟಾ ಮಾಡಿ ನೀಲಿ ಅಂತ ಕೂಗ್ತಾರೆ, ಅದು ಗೆಳೆತನ. ಎಲ್ಲಾದಕ್ಕೂ ನಾನು ಇರ್ಲಿ ಅಂತ ಒತ್ತಬೇಕು."

ಅವಳನ್ನು ಕಾಡುತ್ತಿದ್ದುದು ಒಂದು ಹೆಣ್ಣುಮಗು. ಹೆಸರು ಕಾಣುತ್ತಿರಲಿಲ್ಲ, ಊರು ಗೊತ್ತಿರಲಿಲ್ಲ. ಆ ಪುಟದ ದೂರುಗಳು ಮಾತ್ರ ಇವಳ ಮುಂದೆ ಮತ್ತೆ ಮತ್ತೆ ಬರುತ್ತಿದ್ದವು. ಮಗು ತನ್ನ ಮೊಲದ ಚಿತ್ರ ಹಾಕಿದರೂ ಕೆಳಗೆ ಸಹಪಾಠಿಗಳಿಂದ ಸಾಲು ಸಾಲಾಗಿ ಜಿಂಜರ್ ಎಂಬ ಅದೇ ಒಂದು ಪದ. ಮೊದಮೊದಲು ಆ ಮಗುವೂ ನಗುವ ಮುಖದ ಗುರುತು ಹಾಕಿತ್ತು. ಆಮೇಲೆ ಚಿತ್ರಗಳಲ್ಲಿ ಟೋಪಿ ಬಂತು. ಕೊನೆಗೊಂದು ದಿನ ಕಪ್ಪು ಬಣ್ಣ ಬಳಿದುಕೊಂಡ ತಲೆ. ಕಿವಿಯ ಮೇಲೂ ಹಣೆಯ ಅಂಚಿನಲ್ಲೂ ಬಣ್ಣ ಹತ್ತಿತ್ತಂತೆ. ಅದರ ಕೆಳಗೂ ಅದೇ ಪದ.

ಜಾತಿ, ಧರ್ಮ, ಮೈಬಣ್ಣ, ಅಂಗವೈಕಲ್ಯ ಹಿಡಿದು ಆಡಿಕೊಂಡರೆ ತೆಗೆಯಬಹುದು. ಕೂದಲ ಬಣ್ಣ ನಿಯಮದಲ್ಲಿ ಇರಲಿಲ್ಲ. ಮಗು ತಾನೇ ನಕ್ಕಿದ್ದರಿಂದ ಅದು ಗೆಳೆಯರ ತಮಾಷೆ ಎಂದೇ ಲೆಕ್ಕ. ಇವಳು ಅಂದು "ತೆಗಿ" ಒತ್ತಿದಳು. ಇವಳ ತೀರ್ಪುಗಳನ್ನು ಮತ್ತೆ ನೋಡುವ ತಪಾಸಣೆಯವರು ಸಂಜೆಯೊಳಗೆ ಎಲ್ಲವನ್ನೂ ಮರಳಿ ಹಾಕಿದರು.

"ಟೀಮ್ ಲೀಡರ್ ಬೈದ್ರಾ?" ಎಂದೆ.

"ಬೈದಿದ್ರೆ ಜಗಳ ಆಡ್ತಿದ್ದೆ. 'ನಂಗೂ ಕಣ್ಣಿದೆ ಮಗಾ, ಆದ್ರೆ ನಂಗೂ ಎರಡೇ ಬಟನ್ನು' ಅಂದ್ರು. ನಿಯಮ ಬದಲಾಯಿಸಿ ಅಂತ ಮೇಲಕ್ಕೆ ಬರೆದ್ರು ಕೂಡ. ಪರಿಶೀಲಿಸ್ತೀವಿ ಅಂತ ಉತ್ತರ ಬಂತು."

ಆ ಸಂಜೆ ಬೀದಿಯಲ್ಲಿ ಪಕ್ಕದ ಮನೆಯ ಅಜ್ಜಿ ಮೊಮ್ಮಗಳನ್ನು "ಏ ಕೆಂಚಿ, ಹಾಲು ಆರೋಯ್ತು ಬಾರೇ" ಎಂದು ಕೂಗಿದಳು. ಮಗು ಕುಣಿಯುತ್ತ ಓಡಿತು. ಇವಳು ಗೇಟು ಹಿಡಿದು ನೋಡುತ್ತ ನಿಂತಳು. "ಇಲ್ಲಿ ಆದ್ರೆ ಕೂಗಿದ ಗಳಿಗೇಲೇ ಕೂಗಿಸ್ಕೊಂಡೋರ ಮುಖ ಕಾಣತ್ತೆ ಆಂಟಿ. ನನಗೆ ಬರೋದು ಪದ ಮಾತ್ರ."

ಕೆಲವು ವಾರಗಳ ನಂತರ ಆ ಪುಟದ ದೂರುಗಳು ಬರುವುದು ನಿಂತಿತು. ಮಗು ಪುಟ ಮುಚ್ಚಿತೋ, ಶಾಲೆ ಬದಲಿಸಿತೋ, ಅಥವಾ ಬೇರೆ ಇನ್ನೇನೋ, ತಿಳಿಯಲು ದಾರಿ ಇರಲಿಲ್ಲ. ಹುಡುಕುವುದಕ್ಕೆ ಹೆಸರಿಲ್ಲ. ವಾರ್ಡಿನಲ್ಲಿ ಒಂದು ಹಾಸಿಗೆ ಖಾಲಿಯಾಗಿದ್ದರೆ ನಾನು ಹಿಂದಿನ ಪಾಳಿಯವರನ್ನು ಕೇಳುತ್ತಿದ್ದೆ. ಅವಳು ಯಾರನ್ನು ಕೇಳಬೇಕು? ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕಾಫಿ ಕೊಟ್ಟೆ. ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಮರುವರ್ಷ ಆ ಕೆಲಸದ ಬಹುಪಾಲನ್ನು ಯಂತ್ರಕ್ಕೆ ವಹಿಸಿದರು. ಅವಳು ಊರಿಗೆ ಹೋದಳು, ಮದುವೆಯಾದಳು, ಈಗ ಅಲ್ಲೇ ಒಂದು ಬ್ಯಾಂಕಿನಲ್ಲಿದ್ದಾಳೆ. ನನ್ನ ಎರಡನೆಯ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿ ಬಂದು ನಿಂತವಳು ಅವಳೊಬ್ಬಳೇ. ಆ ಋಣ ದೊಡ್ಡದು. ಮೊನ್ನೆ ಫೋನಿನಲ್ಲಿ ಅದೂ ಇದೂ ಮಾತಾಡಿ, ಇಡುವ ಮುಂಚೆ ಕೇಳಿದಳು: "ಆಂಟಿ, ಆ ಮಗು ಈಗ ಸ್ಕೂಲ್ ಮುಗಿಸಿರಬೇಕು ಅಲ್ವಾ?"

ನನ್ನ ಇಡೀ ನೌಕರಿಯಲ್ಲಿ, ಬಾಗಿಲ ಹೊರಗೆ ಕಾದವರು ಎಷ್ಟು ಬೇಡಿದರೂ, ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿದವಳಲ್ಲ ನಾನು.

"ಮುಗಿಸಿದ್ದಾಳೆ ಕಣಮ್ಮ. ಕೂದಲನ್ನೂ ಬಿಟ್ಟಿದ್ದಾಳೆ, ಇಷ್ಟುದ್ದ" ಎಂದೆ.

ಅವಳು ಮೆಲ್ಲಗೆ, "ಕೆಂಪಗೇ ಇದೆಯಾ?" ಎಂದಳು.

"ಕೆಂಪಗೇ ಇದೆ" ಎಂದೆ.