ಮಾವನಿಗೆ ಮಾಡಿದ ಕಾರ್ಡು

ಮದುವೆಯಾಗಿ ಪಣಕಹಳ್ಳಿಗೆ ಬಂದ ಮೂರನೆಯ ವರ್ಷ, ನನ್ನ ಮಾವನಿಗೆ ಹುಟ್ಟುಹಬ್ಬದ ಕಾರ್ಡು ಮಾಡಿಕೊಡಬೇಕೆಂಬ ಬುದ್ಧಿ ನನಗೆ ಬಂತು. ಯಾರೂ ಕೇಳಿರಲಿಲ್ಲ. ಆ ಮನೆಯಲ್ಲಿ ದೊಡ್ಡವರ ಹುಟ್ಟುಹಬ್ಬ ಮಾಡುವ ರೂಢಿಯೂ ಇರಲಿಲ್ಲ. ಎರಡು ಸಾವಿರದ ಐದೋ ಆರೋ ಇರಬೇಕು. ಜಮೀನಿನ ಪಟ್ಟಾ ಕೆಲಸಕ್ಕೆಂದು ನನ್ನ ಗಂಡ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಕೆದಕುತ್ತಿದ್ದಾಗ ಮಾವನ ಶಾಲೆಯ ಸರ್ಟಿಫಿಕೇಟು ಸಿಕ್ಕಿತು. "ಬರೋ ಜೂನ್ ಒಂದಕ್ಕೆ ಅಪ್ಪನ್ಗೆ ಅರವತ್ತು ತುಂಬ್ತದೆ ಕಣೆ" ಎಂದರು. ಹೇಳಿ ಅವರು ಮರೆತರು. ನಾನು ಮರೆಯಲಿಲ್ಲ.

ಮಾವ ಊರಿನ ಭಜನೆ ಮೇಳಕ್ಕೆ ಹಾರ್ಮೋನಿಯಂ ಬಾರಿಸುವವರು. ನಾನು ಮಾಡಿದ್ದು ಯಾವುದೂ ಅವರಿಗೆ ಸರಿಬರುತ್ತಿರಲಿಲ್ಲ. ಮುದ್ದೆ ಗಂಟು, ಸಾರು ನೀರು, ಅಂಗಳ ಸಾರಿಸಿದ್ದು ಗೆರೆಗೆರೆ. ಬಯ್ಯುತ್ತಿರಲಿಲ್ಲ, ಮೆತ್ತಗೆ ಹೇಳುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ನನಗೂ ಒಂದು ಕೆಲಸ ಚೆನ್ನಾಗಿ ಬರುತ್ತದೆ ಎಂದು ಅವರಿಗೆ ತೋರಿಸಬೇಕಿತ್ತು. ಮದುವೆಗೆ ಮುಂಚೆ ಚಾಮರಾಜನಗರದಲ್ಲಿ ಹೊಲಿಗೆ ಕಲಿಯುವಾಗ ಕಾರ್ಡು ಮಾಡುವುದನ್ನೂ ಕಲಿತಿದ್ದೆ. ಕಾಗದದ ಮೇಲೆ ಚಿತ್ರ ಉಬ್ಬಿಸುವುದು, ಅಚ್ಚಿನಲ್ಲಿ ಬೇರೆ ಬೇರೆ ಆಕಾರ ಕತ್ತರಿಸಿ ಅಂಟಿಸುವುದು. ಅಲ್ಲಿ ಅದಕ್ಕೆ ಬೇಕಾದ ಸಾಮಾನೆಲ್ಲ ಇತ್ತು. ಇಲ್ಲಿ ನನ್ನ ಹತ್ತಿರ ಒಂದು ಬ್ಲೇಡು, ಇಂಕು ಮುಗಿದ ಒಂದು ರೀಫಿಲ್ಲು ಮಾತ್ರ.

ಚಿತ್ರ ಉಬ್ಬಿಸಬೇಕಾದರೆ ಗಟ್ಟಿಯಾದ ತೆಳು ಹಾಳೆಯೊಂದರಲ್ಲಿ ಮೊದಲು ಆಕಾರ ಕೊರೆದುಕೊಳ್ಳಬೇಕು. ಅದರ ಮೇಲೆ ಕಾಗದವನ್ನು ಬೋರಲಾಗಿ ಹಾಕಿ, ಬೆನ್ನಿನ ಕಡೆಯಿಂದ ರೀಫಿಲ್ಲಿನ ತುದಿಯಲ್ಲಿ ಅಂಚು ಒತ್ತಬೇಕು. ಅಂಥ ಹಾಳೆ ಮನೆಯಲ್ಲಿ ಒಂದೇ ಇತ್ತು, ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಎಕ್ಸ್‌ರೇ. ಎರಡು ಮಧ್ಯಾಹ್ನ ಕೂತು ಅದರಲ್ಲಿ ಹಾರ್ಮೋನಿಯಂ ಕೊರೆದೆ. ಬೆರಳೊತ್ತುವ ಬಿಳಿ ಮನೆ, ಕಪ್ಪು ಮನೆ, ಮನೆಗಳ ಮೇಲೆ ಬಲಗೈ, ಗಾಳಿ ಹಾಕುವ ತಿದಿಯ ಮೇಲೆ ಎಡಗೈ. ಮುಗಿಯುವ ಹೊತ್ತಿಗೆ ಅತ್ತೆ ಹಿಂದೆ ಬಂದು ನಿಂತಿದ್ದರು.

"ಇದು ನನ್ನ ಮಂಡಿ ಅಲ್ವಾ?"

"ಎರಡು ವರ್ಷದಿಂದ ಯಾರೂ ಮುಟ್ಟಿರ್ಲಿಲ್ವಲ್ಲ ಅತ್ತೆ."

"ನಾಳೆ ಡಾಕ್ಟ್ರು ತತ್ತಾ ಅಂದ್ರೆ ಏನ್ ತೋರ್ಸ್ಲಿ? ಈ ಆರ್ಮೋನಿ ಪೆಟ್ಟಿಗೆನಾ?"

ಮಾವನಿಗೆ ಹೇಳುವುದಿಲ್ಲವೆಂದು ಅವರು ಒಪ್ಪಿಕೊಂಡರು. ಆದರೆ ಅಂದಿನಿಂದ ಕೂತರೆ ಎದ್ದರೆ ಮಂಡಿ ಹಿಡಿದುಕೊಳ್ಳತೊಡಗಿದರು. ಎಕ್ಸ್‌ರೇ ನೆಟ್ಟಗಿದ್ದಾಗ ಇಷ್ಟು ನೋವಿರಲಿಲ್ಲವಂತೆ.

ಇನ್ನು ಕತ್ತರಿಸಿ ಅಂಟಿಸುವ ಸ್ವರದ ಗುರುತುಗಳು. ಕಡ್ಡಿಯ ಬುಡಕ್ಕೊಂದು ಗುಂಡು, ತುದಿಗೊಂದು ಬಾವುಟ ಇರುವ ಆ ಇಂಗ್ಲಿಷ್ ಗುರುತನ್ನು ಕಾಗದದಲ್ಲಿ ಬರೆದುಕೊಂಡು, ಬಸ್ಸು ಹತ್ತಿ ತಾಳವಾಡಿಗೆ ಹೋದೆ. ಅಲ್ಲಿ ಆಲಿಕೆ, ಡಬ್ಬ, ಬಕೀಟು ಮಾಡುವ ತಗಡಿನ ಅಂಗಡಿಯವನೊಬ್ಬನಿದ್ದ. ತಗಡಿನ ಪಟ್ಟಿಯನ್ನು ಈ ಆಕಾರಕ್ಕೆ ಬಗ್ಗಿಸಿ, ಒಂದು ಅಂಚನ್ನು ಹರಿತ ಮಾಡಿಕೊಟ್ಟರೆ ಅದೇ ನನಗೆ ಅಚ್ಚಾಗುತ್ತದೆ ಎಂದೆ. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸೌಟಾ ಅಕ್ಕಾ?"

"ಸೌಟಲ್ಲ ಅಣ್ಣ. ಸಂಗೀತದ ಗುರುತು."

"ಸೌಟಾದ್ರೆ ಇವತ್ತೇ ಮಾಡ್ಕೊಡ್ತಿದ್ದೆ. ನಾಳಿಕ್ಕೆ ಬನ್ನಿ."

ಮರುದಿನ ಹೋದರೆ ಅಂಗಡಿಗೆ ಬಾಗಿಲು ಹಾಕಿತ್ತು. ಮೂರನೆಯ ಸಲ ಹೋದಾಗ ಅಚ್ಚು ಸಿಕ್ಕಿತು, ಆದರೆ ಬಾವುಟ ಹಿಂದುಮುಂದಾಗಿತ್ತು. ಕೇಳಿದ್ದಕ್ಕೆ, "ಗಾಳಿ ಯಾವ ಕಡೆಗೆ ಬೀಸ್ತದೋ ಬಾವುಟ ಆ ಕಡಿಕೇ ಅಲ್ವಾ ಅಕ್ಕ" ಎಂದ. ಜಗಳವಾಡಿದರೆ ಇನ್ನೂ ಮೂರು ಸಲ ಬಸ್ಸು ಹತ್ತಬೇಕಾಗುತ್ತದೆಂದು ಬಾಯಿ ಮುಚ್ಚಿಕೊಂಡು ಬಂದೆ. ಹರಿತವಾದ ಅಂಚು ಎರಡು ಕಡೆಗೂ ಇದ್ದಿದ್ದರೆ ತಿರುಗಿಸಿ ಹೊಡೆಯಬಹುದಿತ್ತು ಎನ್ನುವುದು ಹೊಳೆದಾಗ ಬಸ್ಸು ಊರು ಮುಟ್ಟಿತ್ತು.

ಹಳೆಯ ರಬ್ಬರ್ ಚಪ್ಪಲಿಯ ಮೇಲೆ ಬಣ್ಣದ ಕಾಗದ ಇಟ್ಟು, ಅದರ ಮೇಲೆ ಅಚ್ಚಿಟ್ಟು, ಸುತ್ತಿಗೆಯಿಂದ ಹೊಡೆಯಬೇಕು. ಹತ್ತು ಹೊಡೆದರೆ ನಾಲ್ಕು ಉಳಿಯುತ್ತಿದ್ದವು. ಮಿಕ್ಕವು ಕಡ್ಡಿಯ ಹತ್ತಿರ ಹರಿದು, ಗುಂಡು ಒಂದು ಕಡೆ ಬಾವುಟ ಒಂದು ಕಡೆ ಆಗುತ್ತಿದ್ದವು. ಮಾವ ಪಡಸಾಲೆಯಲ್ಲಿ ಅಭ್ಯಾಸಕ್ಕೆ ಕೂತಾಗಲೇ ನಾನು ಹಿತ್ತಿಲಲ್ಲಿ ಹೊಡೆಯುತ್ತಿದ್ದೆ, ಆ ಸದ್ದಿನಲ್ಲಿ ಇದು ಕೇಳಿಸುವುದಿಲ್ಲವೆಂದು. ಎರಡನೆಯ ದಿನ ಹಾರ್ಮೋನಿಯಂ ನಿಂತಿತು. "ಏನ್ ಒಡಿತಿದ್ದೀಯವ್ವಾ? ಒಡಿಯೋದಾದ್ರೆ ತಾಳಕ್ಕಾದ್ರೂ ಒಡಿ" ಎಂದು ಒಳಗಿನಿಂದ ಮಾವನ ದನಿ ಕೇಳಿತು.

ಅಂತೂ ಮೇ ತಿಂಗಳ ಕೊನೆಗೆ ಕಾರ್ಡು ಮುಗಿಯಿತು. ನೀಲಿ ಅಂಚು, ಸುತ್ತ ಹನ್ನೆರಡು ಸ್ವರದ ಗುರುತು, ನಡುವೆ ಬಿಳಿ ಕಾಗದದಲ್ಲೇ ಉಬ್ಬಿ ನಿಂತ ಹಾರ್ಮೋನಿಯಂ. ಜೂನ್ ಒಂದರ ಬೆಳಿಗ್ಗೆ ಮಾವ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತಾಗ ಕಾಲಿಗೆ ನಮಸ್ಕಾರ ಮಾಡಿ ಕೈಗೆ ಕೊಟ್ಟೆ. ಗಂಡ ಬಾಗಿಲಲ್ಲಿ ನಿಂತಿದ್ದರು, ಅತ್ತೆ ಮಂಡಿ ಹಿಡಿದುಕೊಂಡು ಬಂದರು. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವ್ನ್ಯಾಕೆ ಎಡಗೈಲಿ ಬಾರಿಸ್ತಾ ಅವ್ನೆ?"

ನಾನೂ ಆಗಲೇ ಸರಿಯಾಗಿ ನೋಡಿದ್ದು. ಬೆನ್ನಿನಿಂದ ಒತ್ತಿದ ಚಿತ್ರ ಮುಂದೆ ಅದಲುಬದಲಾಗಿ ಬರುತ್ತದೆ. ಹೊಲಿಗೆ ಕ್ಲಾಸಿನಲ್ಲಿ ನಾವು ಉಬ್ಬಿಸಿದ್ದೆಲ್ಲ ಹೂವು, ಚಿಟ್ಟೆ. ಅವಕ್ಕೆ ಎಡ ಬಲ ಇರಲಿಲ್ಲ.

"ಎದುರಿಗೆ ಕೂತು ನೋಡಿದ್ರೆ ಅಂಗೇ ಕಾಣೋದು ಮಾವ" ಎಂದೆ.

"ಎದುರಿಗೆ ಕೂತವ್ರಿಗೆ ಮನೆ ಕಾಣಲ್ಲ ಕಣವ್ವ, ತಿದಿ ಕಾಣ್ತದೆ." ಕಾರ್ಡನ್ನು ತಿರುಗಿಸಿ ಬೆನ್ನು ನೋಡಿದರು. "ಇವತ್ತೇನು ವಿಶೇಷ?"

ಗಂಡ ಸರ್ಟಿಫಿಕೇಟಿನ ವಿಷಯ ಹೇಳಿದರು. ಮಾವ ನಕ್ಕರು. "ಅದು ಮೇಷ್ಟ್ರು ಬರ್ದ ತಾರೀಕು. ನಮ್ಮ ಕಾಲ್ದೋರ್ಗೆಲ್ಲಾ ಜೂನ್ ಒಂದೇಯ. ನಾನು ಉಟ್ಟಿದ್ದು ರಾಗಿ ಕುಯ್ಲಲ್ಲಿ ಅಂತ ನಮ್ಮವ್ವ ಏಳ್ತಿದ್ಲು."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಆ ಮನೆಗೆ ಬಂದ ಮೇಲೆ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. "ಕೊಡಿ ಇಲ್ಲಿ, ಒಲೆಗಾಕ್ತೀನಿ" ಎಂದು ಕೈ ಚಾಚಿದೆ. ಗಂಡ ನೆಲ ನೋಡಿದರು. ಅತ್ತೆ ಮಂಡಿಯಿಂದ ಕೈ ತೆಗೆದರು.

ಮಾವ ಕೊಡಲಿಲ್ಲ. ಬೆರಳ ತುದಿಯಿಂದ ಉಬ್ಬಿದ ಮನೆಗಳನ್ನು ಒಂದೊಂದಾಗಿ ಸವರುತ್ತಾ, "ಕೆಲಸ ಅಚ್ಚುಕಟ್ಟಾಗಿ ಅದೆ. ಗೊತ್ತಿಲ್ದೆ ಬರ್ದಿದ್ದೀಯೆ, ಅಷ್ಟೆ" ಎಂದರು. ಆಮೇಲೆ ಎದ್ದುಹೋಗಿ ಹಾರ್ಮೋನಿಯಂ ತಂದು ನನ್ನ ಮುಂದಿಟ್ಟರು. "ಕೂತ್ಕೊ."

ಮೇಳದಲ್ಲಿ ಗಂಡಸರೇ. ಆ ಪೆಟ್ಟಿಗೆಯನ್ನು ನಾನು ಒರೆಸಿದ್ದೆನೇ ಹೊರತು ಮುಚ್ಚಳ ತೆಗೆದಿರಲಿಲ್ಲ. ಕಣ್ಣು ಒರೆಸಿಕೊಂಡು ಕೂತೆ. ಎಡಗೈ ತಿದಿಗೆ, ಬಲಗೈ ಮನೆಗೆ. ಎಡಗೈ ಆಡಿದರೆ ಬಲಗೈ ಮರೆಯುತ್ತಿತ್ತು, ಬಲಗೈ ನೆನಪಾದರೆ ಗಾಳಿ ಮುಗಿಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. "ಇನ್ನೊಂದ್ಸಲ" ಎಂದರು ಮಾವ. ನಾನು ಎದ್ದು ಹೋಗಲಿಲ್ಲ.

ಅಂದಿನಿಂದ ಎರಡು ವರ್ಷ ಕಲಿಸಿದರು. ಬೆರಳು ಸೌದೆಯಂತಿದೆ, ಕಿವಿ ಮುಚ್ಚಿದೆ ಎಂದು ದಿನವೂ ಮೆತ್ತಗೆ ಹೇಳುತ್ತಲೇ ಕಲಿಸಿದರು. ನಾನೂ ದಿನವೂ, ಇದೇ ಕೊನೆ, ನಾಳೆಯಿಂದ ಕೂರುವುದಿಲ್ಲ ಎಂದುಕೊಂಡೇ ಏಳುತ್ತಿದ್ದೆ. ಕಾರ್ಡನ್ನು ಮೇಳದವರಿಗೆಲ್ಲ ತೋರಿಸಿದ್ದರಂತೆ, ಮೊದಲು ತಪ್ಪನ್ನೇ ತೋರಿಸಿ. ಕೊನೆಗೆ ನನಗೆ ಸರಿಯಾಗಿ ಬಂದದ್ದು ಮೂರು ಭಜನೆ. ಮೂರನೆಯದು ತಪ್ಪಿಲ್ಲದೆ ಮುಗಿದ ದಿನ ಮಾವ ಏನಾದರೂ ಹೇಳುತ್ತಾರೆಂದು ಕಾದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟರು.