ದೊರೆಯ ಶೋಕ, ಮಗಳ ಹಾಡು

ನಮ್ಮ ಥುರಿಂಗಿಯಾ ಸೀಮೆಯ ಈ ಪುಟ್ಟ ಊರಲ್ಲಿ ಯಾರ ಮದುವೆಯೇ ಆಗಲಿ, ಪಿಟೀಲು ನುಡಿಸುತ್ತಿದ್ದವನು ಪಕ್ಕದ ಮನೆಯ ಮೆಲ್ಕಿಯೋರ್. ಅವನಪ್ಪನ ಹಾಗೆ ಇವನೂ ಊರಿನವರು ನೇಮಿಸಿದ ವಾದ್ಯಗಾರ. ಇಗರ್ಜಿಯ ಹಾಡು, ಕುಣಿತದ ಹಾಡು, ಎಲ್ಲ ಇವನೇ ಕಟ್ಟುತ್ತಿದ್ದ. ಕುಣಿದು ಬೆವರು ಒರೆಸಿಕೊಂಡವರಲ್ಲಿ ಒಬ್ಬರಾದರೂ ಇದು ಯಾರು ಕಟ್ಟಿದ್ದು ಅಂತ ಕೇಳಲಿಲ್ಲ ಬಿಡಿ. ಹೆಂಡತಿ ಬಾಣಂತನದಲ್ಲೇ ಹೋದಳು. ಉಳಿದವಳು ಮಗಳು ಊರ್ಸುಲಾ.

ಅಷ್ಟರಲ್ಲಿ ದೊರೆ ಸತ್ತ. ಸಾಯಲಿ, ವಯಸ್ಸಾಗಿತ್ತು. ಆದರೆ ವರ್ಷವಿಡೀ ಶೋಕವಂತೆ, ಎಲ್ಲೂ ವಾದ್ಯದ ಸದ್ದು ಕೇಳಬಾರದಂತೆ. ಸಂತೆಯಲ್ಲಿ ಕೊಳಲೂದಿದ ಕುರುಡನನ್ನು ಹಿಮದಲ್ಲೇ ಊರಾಚೆ ಅಟ್ಟಿದರು. ಮೆಲ್ಕಿಯೋರ್ ತಂತಿ ಸಡಿಲಿಸಿ ಪಿಟೀಲನ್ನು ಪೆಟ್ಟಿಗೆಗೆ ಹಾಕಿದ. ನುಡಿಸದಿದ್ದರೆ ಕಾಸಿಲ್ಲ, ನಮ್ಮ ರೊಟ್ಟಿ ಅಂಗಡಿಯ ಭಟ್ಟಿಯಲ್ಲಿ ಸೀದುಹೋದ ರೊಟ್ಟಿಯೇ ಅಪ್ಪ ಮಗಳಿಗೆ ಊಟ. ಕೈ ಸುಮ್ಮನಿರಬೇಕಲ್ಲ, ಮಗಳಿಗೆಂದೇ ಒಂದು ಹಾಡು ಕಟ್ಟಿ ಬರೆದಿಟ್ಟ. ತಾನೂ ಅದನ್ನು ನುಡಿಸಿ ಕೇಳಿರಲಿಲ್ಲ.

ಶೋಕ ಮುಗಿಯಲು ಕೆಲವೇ ವಾರ ಇದ್ದಾಗ ಊರ್ಸುಲಾಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು.

"ನನ್ನ ಹಾಡು ನುಡಿಸಪ್ಪಾ."

"ಶೋಕ ಮುಗೀಲಿ ಪುಟ್ಟಿ. ಕೆಲಸ ಹೋದ್ರೆ ನಿನಗೆ ಗಂಜಿ ಎಲ್ಲಿಂದ ತರ್ಲಿ?"

ದಿನವೂ ಇದೇ ಮಾತು. ಮಗು ಕರಗುತ್ತಾ ಬಂತು. ಒಂದು ಮಧ್ಯಾಹ್ನ ರೊಟ್ಟಿ ಕೊಡಲು ಹೋದವಳಿಗೆ ತಡೆಯಲಾಗಲಿಲ್ಲ.

"ಏನಯ್ಯಾ, ಸತ್ತ ದೊರೆಗೆ ಕಿವಿ ಕೇಳುತ್ತಾ? ಹುಡುಗಿ ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ. ನೀನು ಮೀನಮೇಷ ಎಣಿಸ್ತಾ ಕೂತಿದೀಯ."

"ಊರು ಬಿಡಿಸ್ತಾರೆ, ಸಬೀನಕ್ಕ."

"ಬಿಡಿಸ್ಲಿ. ನಾನೂ ಗಂಟು ಕಟ್ತೀನಿ, ನನ್ನ ಗಂಡನ ಗೊರಕೆಯಾದ್ರೂ ತಪ್ಪುತ್ತೆ."

ಕೊನೆಗೂ ಪೆಟ್ಟಿಗೆ ತೆರೆದ. ಥಂಡಿಗೆ ತಂತಿ ಬಿಗಿಸುವ ಬಿರಟೆಗಳು ಕಚ್ಚಿಕೊಂಡಿದ್ದವು. ಒಂದು ತಂತಿ ಏರಿಸಿದರೆ ಇನ್ನೊಂದು ಜಾರುತ್ತಿತ್ತು. ತಿರುಗಿಸುತ್ತಾನೆ, ಕಮಾನು ಎಳೆದು ನೋಡುತ್ತಾನೆ, ಬೈದುಕೊಂಡು ಮತ್ತೆ ತಿರುಗಿಸುತ್ತಾನೆ. ಆ ಕೊಯ್ಯೋ ಮರ್ರೋ ಸದ್ದು ಬೀದಿಗೆ ಕೇಳದಿರಲೆಂದು ನಾನು ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಊರ್ಸುಲಾ ಮಾತ್ರ ಅವನನ್ನೇ ನೋಡುತ್ತಾ ನಗುತ್ತಿದ್ದಳು.

"ತುಂಬಾ ಚೆನ್ನಾಗಿದೆ ಅಪ್ಪಾ," ಅಂದಳು. ದನಿಯೇ ಇರಲಿಲ್ಲ. "ಮುಗೀತಾ?"

ಅವನಿನ್ನೂ ಶ್ರುತಿ ಕೂರಿಸುತ್ತಿದ್ದ. ಹಾಡು ಶುರುವೇ ಆಗಿರಲಿಲ್ಲ. ನನ್ನ ಮುಖ ನೋಡಿದ, ಮಗಳ ಎದೆ ಏದುಸಿರಲ್ಲಿ ಏಳುತ್ತಿದ್ದುದನ್ನು ನೋಡಿದ.

"ಹ್ಞೂಂ ಪುಟ್ಟಿ," ಅಂದ. "ಮುಗೀತು."

ಅವಳು ಕಣ್ಣು ಮುಚ್ಚಿದಳು. ಉಸಿರು ನಿಲ್ಲುವವರೆಗೂ ಅವನು ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.