ಸೀಮೆಸುಣ್ಣದ ಒಂದು ಗೆರೆ

ಬೆಳಿಗ್ಗೆ ಐದೂಮುಕ್ಕಾಲು. ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಹೊಚ್ಚಹೊಸ ಪಿಕಪ್ ಒಂದು ನಿಂತಿದೆ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ಕಿತ್ತಿಲ್ಲ. ಅದರ ಹಿಂಭಾಗದ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿರುವ ಹೆಂಗಸಿನ ಕಾಲುಗಳಷ್ಟೇ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಕಾಣುತ್ತಿವೆ. ಟ್ರೇಲರ್ ಸಿಕ್ಕಿಸುವ ಕೊಕ್ಕೆಗೆ ಆಕೆ ಚಿಕ್ಕ ಸುತ್ತಿಗೆಯಿಂದ ಬಡಿಯುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ಬಡಿಯುತ್ತಾರೆ. ಬಲಗಡೆ ಟಣ್ ಎನ್ನುತ್ತದೆ. ಎಡಗಡೆ ಟೊಕ್ ಎನ್ನುತ್ತದೆ. "ಕೇಳಿಸ್ತಾ?" ಎಂದು ಕೆಳಗಿನಿಂದಲೇ ಕೇಳುತ್ತಾರೆ. ಕೇಳಿಸಿತು ಎನ್ನುತ್ತೇನೆ. ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸುತ್ತದೆ.

ಗಾಡಿ ಓಡಿಸುವವರೆಲ್ಲ ಈಕೆಯನ್ನು ಕೊಕ್ಕೆ ಅಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಬೆಸುಗೆ ಕಲಿತದ್ದು ಅಣ್ಣನ ಗ್ಯಾರೇಜಿನಲ್ಲಿ. ಹತ್ತೊಂಬತ್ತು ವರ್ಷದಿಂದ ಇವರದು ಒಂದೇ ಕೆಲಸ. ಪಿಕಪ್ಪುಗಳಿಗೆ ಕಾರ್ಖಾನೆಯಿಂದಲೇ ಬರುವ ಟ್ರೇಲರ್ ಕೊಕ್ಕೆ ನೆಟ್ಟಗಿದೆಯೇ, ಭಾರ ತಡೆಯುತ್ತದೆಯೇ ಎಂದು ನೋಡುವುದು, ಇಲ್ಲವಾದರೆ ಸರಿಪಡಿಸುವುದು. ದಿನಕ್ಕೆ ಆರೇಳು ಗಾಡಿ ಬರುತ್ತವೆ. ಅವರ ಅನುಭವದಲ್ಲಿ ಹತ್ತು ಹೊಸ ಕೊಕ್ಕೆಯಲ್ಲಿ ಮೂರು ಒಂದು ಪಕ್ಕಕ್ಕೆ ವಾಲಿರುತ್ತವೆ, ಎರಡರ ಬೆಸುಗೆ ಹುಸಿಯಾಗಿರುತ್ತದೆ. "ಮೇಲೆ ಬಣ್ಣ ಬಳಿದಿರ್ತಾರಲ್ಲ, ಎಲ್ಲಾ ಚಂದವಾಗೇ ಕಾಣುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮಗೆ ಗೊತ್ತಾಗೋಷ್ಟರಲ್ಲಿ ಗಾಡಿ ರೋಡಲ್ಲಿರುತ್ತೆ" ಎನ್ನುತ್ತಾರೆ. ನಾನು ಕಾರು ಹತ್ತುವ ಮೊದಲು ಟೈರಿಗೊಂದು ಒದೆ ಕೊಟ್ಟು, ಎಲ್ಲ ಸರಿಯಿದೆ ಎಂದು ತಲೆಯಾಡಿಸುವ ಪೈಕಿ. ಅದನ್ನು ಇವರ ಎದುರು ಬಾಯಿ ಬಿಟ್ಟು ಹೇಳಲಿಲ್ಲ.

ಇವತ್ತಿನ ಪಿಕಪ್ ನೀರು ಸಾಗಿಸುವ ಗಾಡಿಗಳ ಮಾಲೀಕರದು. ಅದಕ್ಕೆ ಎರಡು ಸಾವಿರ ಲೀಟರಿನ ಟ್ಯಾಂಕಿನ ಟ್ರೇಲರ್ ಕಟ್ಟಬೇಕು. ಓಡಿಸುವವಳು ಕೊಕ್ಕೆ ಅಕ್ಕನ ಸ್ವಂತ ಮಗಳು, ಇಪ್ಪತ್ತಾರರ ಹುಡುಗಿ, ಮಾಲೀಕರ ಬಳಿ ನಾಲ್ಕು ವರ್ಷದಿಂದ ಡ್ರೈವರ್. ಆಸ್ಪತ್ರೆಯ ಟ್ಯಾಂಕು ರಾತ್ರಿಯೇ ಬತ್ತಿದೆ, ಏಳೂವರೆಗೆ ನೀರು ತಲುಪಬೇಕು. ದಾರಿಯಲ್ಲಿ ಉದ್ದನೆಯ ಇಳಿಜಾರಿದೆ. ಇಳಿಜಾರು ಮುಗಿಯುವಲ್ಲೇ ಶಾಲೆಯ ಗೇಟು.

ಅಕ್ಕ ಹೊರಗೆ ಬಂದು ದಾರ ಹಿಡಿಯುತ್ತಾರೆ. ಗಾಡಿಯ ನಟ್ಟನಡುವಿನಿಂದ ದಾರ ಎಳೆದರೆ ಅದು ಟ್ರೇಲರ್ ಕೂರುವ ಕೊಕ್ಕೆಯ ಉಕ್ಕಿನ ಗುಂಡಿನ ನಡುವೆ ಬೀಳಬೇಕು. ಒಂದು ಬೆರಳು ಆಚೆ ಬೀಳುತ್ತದೆ. "ಗುಂಡು ಎಡಕ್ಕೆ ಸರಿದಿದೆ. ಎಳೆತವೆಲ್ಲ ಎಡಗಡೆ ಬೋಲ್ಟ್ ಮೇಲೇ ಬೀಳುತ್ತೆ. ಅಲ್ಲೇ ಬೆಸುಗೆನೂ ಸರಿಯಿಲ್ಲ. ನೀರು ತುಂಬಿಸ್ಕೊಂಡು ಒಂದ್ಸಲ ಇಲ್ಲಿಗೇ ತನ್ನಿ, ಭಾರ ಹಾಕಿ ನೋಡೋಣ."

ಮಾಲೀಕರಿಗೆ ಪುರುಸೊತ್ತಿಲ್ಲ. "ಒಂದು ಬೆರಳು ತಾನೇ? ಕಂಪನಿಯಲ್ಲಿ ಅಷ್ಟು ಜನ ಎಂಜಿನಿಯರುಗಳು ಸುಮ್ನೆ ಕೂತಿದ್ದಾರಾ?"

"ಇಳಿಜಾರಲ್ಲಿ ಈ ಟ್ಯಾಂಕಿನ ಮುಂದೆ ಅವರು ಕೂರಲ್ಲ. ನನ್ನ ಮಗಳು ಕೂರ್ತಾಳೆ."

"ಅಮ್ಮಾ, ಆಸ್ಪತ್ರೆಯಲ್ಲಿ ಕೈ ತೊಳೆಯೋಕೂ ನೀರಿಲ್ವಂತೆ. ನಿಧಾನಕ್ಕೆ ಹೋಗ್ತೀನಿ ಬಿಡು" ಎಂದು ಮಗಳು ಕೀಲಿ ಎತ್ತಿಕೊಳ್ಳುತ್ತಾಳೆ.

ಅಕ್ಕ ಕಿವಿಯ ಹಿಂದಿನಿಂದ ಸೀಮೆಸುಣ್ಣ ತೆಗೆದು ಮತ್ತೆ ಕೆಳಗೆ ತೂರುತ್ತಾರೆ. ಎಡಗಡೆಯ ಪ್ರತಿ ಬೋಲ್ಟಿನ ತಲೆಯಿಂದ, ಕೊಕ್ಕೆ ಹಿಡಿದಿರುವ ಕಬ್ಬಿಣದ ಪಟ್ಟಿಯ ಮೇಲೆ ಹಾಯಿಸಿ, ಗಾಡಿಯ ಚಾಸಿಯವರೆಗೆ ಒಂದೊಂದು ಬಿಳಿ ಗೆರೆ ಎಳೆಯುತ್ತಾರೆ. ಕಬ್ಬಿಣ ಕೂದಲೆಳೆಯಷ್ಟು ಜರುಗಿದರೂ ಗೆರೆ ಮುರಿಯುತ್ತದೆ. "ಇಳಿಜಾರು ಶುರುವಾಗೋಕೆ ಮುಂಚೆ ನಿಲ್ಸು. ಇಳಿದು, ಬಗ್ಗಿ ಗೆರೆ ನೋಡು. ಒಡೆದಿದ್ರೆ ಒಂದು ಅಡಿನೂ ಮುಂದೆ ಹೋಗ್ಬೇಡ" ಎಂದು ಮಗಳಿಗೆ ಎರಡು ಸಲ ಹೇಳುತ್ತಾರೆ. ಮಗಳು ಎರಡು ಸಲವೂ ಹೂಂ ಎನ್ನುತ್ತಾಳೆ, ನಮ್ಮೆಲ್ಲರ ಮಕ್ಕಳು ಅನ್ನುವಂಥ ಹೂಂ. ಟ್ರೇಲರ್ ಕಟ್ಟಿ ನೀರು ತುಂಬಿಸಲು ಪಿಕಪ್ ಹೊರಡುತ್ತದೆ, ಹಿಂದೆಯೇ ಮಾಲೀಕರ ಬೈಕು.

ಗೆರೆಯ ಪಾಠ ಸುಮ್ಮನೆ ಬಂದದ್ದಲ್ಲ. ಹದಿನೇಳು ವರ್ಷದ ಹಿಂದೆ ಇಂಥದ್ದೇ ಒಂದು ಹೊಸ ಗಾಡಿಯ ಕೊಕ್ಕೆ ನೋಡಿ, ಸರಿಯಿದೆ ಎಂದು ಕಳಿಸಿದ್ದರು. ಟ್ರೇಲರ್ ಖಾಲಿಯಿತ್ತು. ಖಾಲಿ ಇದ್ದಾಗ ಯಾವ ಕೊಕ್ಕೆಯೂ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ಮಧ್ಯಾಹ್ನ ಕಲ್ಲಿನ ಚಪ್ಪಡಿ ಹೇರಿದಾಗ ಅಡಿಯ ಬೆಸುಗೆ ಬಾಯಿ ಬಿಟ್ಟಿತು. ಟ್ರೇಲರ್ ತಿರುಗಿಕೊಂಡು ಬಂದು ಗಾಡಿಯನ್ನೇ ಮೋರಿಯ ಗೋಡೆಗೆ ಒತ್ತಿತು. ಒಳಗಿದ್ದ ಡ್ರೈವರ್ ಅಕ್ಕನ ಯಜಮಾನರು. ಸೊಂಟ ಮುರಿದು ಹನ್ನೊಂದು ತಿಂಗಳು ಮಲಗಿದರು. ಈಗ ಶೆಡ್ಡಿನ ಮೂಲೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಪಟ್ಟಿಗಳಿಗೆ ತೂತು ಕೊರೆಯುತ್ತಾರೆ. "ಎಲ್ಲರ ಗಾಡಿನೂ ಇವಳು ಪರೀಕ್ಷೆ ಮಾಡಿದ್ಲು. ಇವಳನ್ನ ಪರೀಕ್ಷೆ ಮಾಡಿದ್ದು ನಾನೊಬ್ನೇ" ಎಂದು ನಗುತ್ತಾರೆ. ಅಕ್ಕ ನಗುವುದಿಲ್ಲ. ಈ ಜೋಕಿಗೆ ಹದಿನೇಳು ವರ್ಷದಿಂದಲೂ ನಕ್ಕಿಲ್ಲವಂತೆ.

ಏಳೂವರೆ ಆಗುತ್ತದೆ. ಈಗ ಆಸ್ಪತ್ರೆ ಮುಟ್ಟಿರಬೇಕು. ಎಂಟಕ್ಕೆ ವಾಪಸು ಬರಬೇಕು. ಅಕ್ಕ ಬೇರೊಂದು ಗಾಡಿಯ ಕೆಲಸ ಹಿಡಿದಿದ್ದಾರೆ, ಆದರೆ ಒಂದೇ ಬೋಲ್ಟನ್ನು ಮೂರನೇ ಸಲ ಬಿಗಿ ಮಾಡುತ್ತಿದ್ದಾರೆ. "ಕೀಲಿ ಕಿತ್ಕೋಬೇಕಿತ್ತು" ಎನ್ನುತ್ತಾರೆ. ಯಾರಿಗೆ ಹೇಳಿದ್ದೆಂದು ಗೊತ್ತಾಗುವುದಿಲ್ಲ. ಎಂಟು ದಾಟುತ್ತದೆ. ಟ್ರೇಲರ್ ಕಟ್ಟಿಕೊಂಡಾಗ ಫೋನು ಮುಟ್ಟಕೂಡದು ಎಂಬುದು ಮಗಳಿಗೆ ಇವರೇ ಹಾಕಿದ ಕಟ್ಟಳೆ, ಅದಕ್ಕೇ ಇಷ್ಟು ಹೊತ್ತು ತಡೆದುಕೊಂಡಿದ್ದಾರೆ. ಕೊನೆಗೆ ತಡೆಯಲಾಗದೆ ಕರೆ ಮಾಡುತ್ತಾರೆ. ಶೆಡ್ಡಿನೊಳಗೇ, ಎಣ್ಣೆ ಒರೆಸುವ ಬಟ್ಟೆಯ ಕೆಳಗೆ, ಫೋನು ಬಡಿದುಕೊಳ್ಳುತ್ತದೆ. ಮಗಳು ಚಾರ್ಜಿಗೆ ಹಾಕಿ ಮರೆತು ಹೋಗಿದ್ದಾಳೆ. ಮಾಲೀಕರ ಫೋನು ಎತ್ತುವವರೇ ಇಲ್ಲ.

ಅಷ್ಟರಲ್ಲಿ ಆಂಬುಲೆನ್ಸ್ ಒಂದು ಕೂಗುತ್ತಾ ಇಳಿಜಾರಿನ ಕಡೆಗೇ ಹೋಗುತ್ತದೆ. "ಅದು ದಿನಾ ಹೋಗೋದೇ, ಆಸ್ಪತ್ರೆ ಆ ಕಡೆನೇ ಇರೋದಲ್ವಾ" ಎನ್ನುತ್ತಾರೆ ಯಜಮಾನರು. ಆದರೆ ಅವರ ಕೈಯಲ್ಲಿದ್ದ ಡ್ರಿಲ್ ನಿಂತುಹೋಗಿದೆ. ಶಾಲೆಯ ಗಂಟೆ ಎಂಟೂಕಾಲಿಗೆ ಹೊಡೆಯುತ್ತದೆಂದು ಮೂವರಿಗೂ ಗೊತ್ತು. ಗೇಟಿನ ಮುಂದೆ ಈಗ ಎಷ್ಟು ಮಕ್ಕಳಿರಬಹುದು ಎಂದು ಯಾರೂ ಕೇಳುವುದಿಲ್ಲ. ನನ್ನ ಕೈಯಲ್ಲಿ ಪೆನ್ನಿದೆ, ಬರೆಯಲು ಆಗುತ್ತಿಲ್ಲ. ಭಯವಾಗುತ್ತಿದೆ. ಅಕ್ಕ ಸ್ಪ್ಯಾನರ್ ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಇಳಿಯುತ್ತಾರೆ.

ರಸ್ತೆಯ ತಿರುವಿನಲ್ಲಿ ಮಗಳು ಕಾಣುತ್ತಾಳೆ. ನಡೆದುಕೊಂಡು ಬರುತ್ತಿದ್ದಾಳೆ, ಮೊಣಕಾಲವರೆಗೂ ಧೂಳು.

"ಗೆರೆ ಒಡೆದಿತ್ತಮ್ಮಾ" ಎನ್ನುತ್ತಾಳೆ. ಇನ್ನೂ ಏದುಸಿರು. "ಇಳಿಜಾರಿನ ತಲೆಯಲ್ಲೇ ನಿಲ್ಸಿದೆ. ನಿಜ ಹೇಳ್ಬೇಕಂದ್ರೆ ನೋಡೋದು ಬೇಡ ಅಂತಾನೇ ಇದ್ದೆ, ಟೈಮಾಗಿತ್ತು. ನೀನು ಸಂಜೆ ಕೇಳ್ತೀಯ ಅಂತ ಇಳಿದೆ. ಎರಡು ಬೋಲ್ಟ್ ಜರುಗಿವೆ. ಪಟ್ಟಿ ಬಾಯಿ ಬಿಟ್ಟಿದೆ, ಉಗುರು ಹೋಗುತ್ತೆ ಒಳಗೆ."

ನಾಲ್ಕೂ ಚಕ್ರಕ್ಕೆ, ಟ್ರೇಲರಿನ ಚಕ್ರಕ್ಕೂ ಕಲ್ಲು ಕೊಟ್ಟು, ಖಾಲಿ ಟ್ಯಾಂಕಿರುವ ಹಳೆಯ ಪಿಕಪ್ ತರಲು ಮಾಲೀಕರನ್ನು ಬೈಕಿನಲ್ಲಿ ಕಳಿಸಿ, ರಿಪೇರಿ ಸಾಮಾನು ಒಯ್ಯಲು ನಾಲ್ಕು ಕಿಲೋಮೀಟರ್ ನಡೆದು ಬಂದಿದ್ದಾಳೆ. ಈ ಟ್ಯಾಂಕಿನಿಂದ ಆ ಟ್ಯಾಂಕಿಗೆ ಪೈಪು ಹಾಕಿ ನೀರು ಆಸ್ಪತ್ರೆಗೆ ಹೋಗುತ್ತದಂತೆ. ಅಕ್ಕ ಮಗಳನ್ನು ತಬ್ಬಿಕೊಳ್ಳುವುದಿಲ್ಲ. ಅವಳ ಬೆರಳ ತುದಿಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ತಮ್ಮ ಸೆರಗಿನಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಾರೆ.

ಹತ್ತು ಗಂಟೆಗೆ ಇಳಿಜಾರಿನ ತಲೆಯಲ್ಲಿ ನಾವೆಲ್ಲ ಸೇರಿದ್ದೇವೆ. ಪಟ್ಟಿ ಬಿಚ್ಚಿದಾಗ ಒಳಗಿನ ಬೆಸುಗೆ ಅಲ್ಲಲ್ಲಿ ಚುಕ್ಕೆ ಇಟ್ಟಷ್ಟೇ ಇದೆ. ಮಾಲೀಕರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಕ್ಕಾ, ನನ್ನ ಇನ್ನೆರಡು ಹೊಸ ಗಾಡಿನೂ ಕಳಿಸ್ತೀನಿ" ಎನ್ನುತ್ತಾರೆ. "ನೀರು ತುಂಬಿಸಿ ಕಳ್ಸಿ" ಎಂದಷ್ಟೇ ಅಕ್ಕ ಹೇಳುತ್ತಾರೆ. ಕೆಳಗೆ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದಾರೆ, ಅವರ ಗಲಾಟೆ ಮೇಲಕ್ಕೂ ಕೇಳುತ್ತಿದೆ.

ಪುರವಣಿಗೆ ಒಂದು ಫೋಟೋ ಬೇಕು ಎಂದು ಕೇಳುತ್ತೇನೆ. ಅಕ್ಕ ತಲೆಯಾಡಿಸಿ ಬೇಡ ಎನ್ನುತ್ತಾರೆ.

"ಕೊಕ್ಕೆ ಕೆಲಸದೋರು ಪೇಪರಲ್ಲಿ ಬಂದ್ರು ಅಂದ್ರೆ ಎಲ್ಲೋ ಏನೋ ಅನಾಹುತ ಆಗಿದೆ ಅಂತಾನೇ ಅರ್ಥ. ನನ್ನದು ಬೇಡ, ಬೇಕಿದ್ರೆ ಆ ಒಡೆದ ಗೆರೆದು ಹಾಕಿ. ಓದೋರು ನಾಳೆ ಬೆಳಿಗ್ಗೆ ಹೊರಡೋಕೆ ಮುಂಚೆ ತಮ್ಮ ಗಾಡಿ ಹಿಂದೆ ಒಂದ್ಸಲ ಬಗ್ಗಿ ನೋಡ್ಲಿ, ಅಷ್ಟು ಸಾಕು ನಂಗೆ."